ನನ್ನ ಲಾಯರ್ ಬೇರೆ

ಬಾಲ್ಯವಿವಾಹ ತಡೆಯಿರಿ ಎಂದು ಗೌರಿಬಿದನೂರಿನ ಬೀದಿಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನು. ಆಗ ಮೊದಲನೇ ಪಿಯುಸಿ. ಹೊಸ ಕಾನೂನು ಬಂದಿದೆಯೆಂದು ಕಾಲೇಜಿನಿಂದ ಜಾಥಾ ಹೊರಡಿಸಿದ್ದರು, ನನ್ನ ಗಂಟಲು ದೊಡ್ಡದೆಂದು ಮುಂದಿನ ಸಾಲಿಗೆ ಹಾಕಿದ್ದರು. ತಾಲ್ಲೂಕು ಕಚೇರಿಗೆ ಬಂದಿದ್ದ ಅಪ್ಪ ಟೀ ಅಂಗಡಿ ಮುಂದೆ ನಿಂತು ನೋಡಿದರು. ನನ್ನ ಮಗಳು ಅಂತ ಪಕ್ಕದವರಿಗೆ ತೋರಿಸಿಯೂ ತೋರಿಸಿದರು. ಅದಾಗಿ ತಿಂಗಳೂ ಕಳೆದಿರಲಿಲ್ಲ, ಅದೇ ಅಪ್ಪ ನನ್ನನ್ನು ಸೋದರಮಾವನಿಗೆ ಕೊಡುವ ಮಾತು ಮುಗಿಸಿ ಬಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನಗಾಗ ಹದಿನಾರು.

ಮಾವ ಅಂದರೆ ಅಮ್ಮನ ಕೊನೆಯ ತಮ್ಮ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಪರ್ಮನೆಂಟ್ ಕೆಲಸ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಮೊದಲಿನಿಂದಲೂ ಇರುವುದೇ. ಹೆಣ್ಣು ದೂರ ಹೋಗುವುದಿಲ್ಲ, ಹೊಲ ಒಡೆಯುವುದಿಲ್ಲ, ಎಲ್ಲರಿಗೂ ಅನುಕೂಲ, ಹುಡುಗಿಯೊಬ್ಬಳನ್ನು ಬಿಟ್ಟು. ಮಾವ ಕೆಟ್ಟವನೇನಲ್ಲ. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಆ ಹೆಗಲಿನ ಪಕ್ಕ ಮದುಮಗಳಾಗಿ ಕೂರಬೇಕೆಂದು ನೆನೆದರೆ ಹೇಸಿಗೆಯಾಗುತ್ತಿತ್ತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅಮ್ಮನ ಹತ್ತಿರ ಹೋಗಿ ಅತ್ತೆ. "ನನ್ನ ಮದುವೆ ಆದಾಗ ನನಗೆ ಹದಿನೈದು ಕಣೇ. ಸತ್ತೋದ್ನಾ?" ಅಂದಳು ಅಮ್ಮ, ನನ್ನ ಮುಖ ನೋಡದೆ.

"ನನ್ನನ್ನ ಒಂದ್ ಮಾತು ಕೇಳಿದ್ರಾ?" ಅಂದೆ.

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಪ್ಪನ ಅಮ್ಮ ತಲೆ ಎತ್ತಿದಳು. "ಕೋಳಿ ಕೇಳಿ ಮಸಾಲೆ ಅರೀತಾರೇನಮ್ಮ?"

ಅಪ್ಪ ದಡ್ಡರಲ್ಲ. ಜಾಥಾ ನೋಡಿದ್ದವರು, ಕಾನೂನಿನ ಭಯ ಇತ್ತು. ಅದಕ್ಕೇ ಲಗ್ನಪತ್ರಿಕೆ ಅಚ್ಚು ಹಾಕಿಸಲಿಲ್ಲ. ಕೇಳಿದವರಿಗೆಲ್ಲ ಮಗಳ ಒಸಗೆ ಎಂದರು. ಒಸಗೆ ಎಂದರೆ ಹುಡುಗಿ ಮೈನೆರೆದಾಗ ಮಾಡುವ ಆರತಿ. ನನಗೆ ಅದನ್ನು ಮಾಡಿರಲಿಲ್ಲ ಎಂಬುದು ನಿಜವೇ. ನಾನು ದೊಡ್ಡವಳಾದ ವಾರದಲ್ಲೇ ತಾತ ತೀರಿಕೊಂಡು ಮನೆಗೆ ಸೂತಕ ಬಂದಿತ್ತು. ಬಾಕಿ ಉಳಿದಿದ್ದ ಆ ಆರತಿಯ ಸೆರಗಿನೊಳಗೆ ಮದುವೆಯನ್ನು ಮುಚ್ಚಿಟ್ಟುಕೊಂಡರು. ಒಸಗೆಗೂ ಚಪ್ಪರ ಹಾಕುತ್ತಾರೆ, ಅರಿಶಿನ ಹಚ್ಚುತ್ತಾರೆ, ಹಸಿರು ಬಳೆ ತೊಡಿಸುತ್ತಾರೆ, ಸೋದರಮಾವ ಸೀರೆ ತರುತ್ತಾನೆ. ಹೊರಗಿನವರು ಬಂದು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯದು.

ಕಾಲೇಜಿಗೆ ಒಮ್ಮೆ ವಕೀಲರು ಬಂದು, ಹೆಂಗಸರಿಗೆ, ಮಕ್ಕಳಿಗೆ ಸರ್ಕಾರವೇ ಪುಕ್ಕಟೆ ಲಾಯರ್ ಕೊಡುತ್ತದೆ ಎಂದು ಭಾಷಣ ಮಾಡಿ ಹೋಗಿದ್ದರು. ಅದೊಂದನ್ನೇ ನಂಬಿಕೊಂಡು ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವ ಬದಲು ಕೋರ್ಟಿಗೆ ಹೋದೆ. ಯೂನಿಫಾರ್ಮ್, ಬೆನ್ನಿಗೆ ಬ್ಯಾಗು. ಕರಿಕೋಟಿನವರು ಒಬ್ಬರಾದ ಮೇಲೆ ಒಬ್ಬರು ನನ್ನ ಮಾತು ಕೇಳಿದರು, ಕೇಳಿ ಒಂದೇ ಉತ್ತರ ಕೊಟ್ಟರು.

"ನೀನು ಮೈನರ್ ಅಲ್ವೇನಮ್ಮ? ಹೋಗು, ನಿಮ್ಮಪ್ಪನ್ನ ಕರ್ಕೊಂಡ್ ಬಾ."

"ನಮ್ಮಪ್ಪನ ಮೇಲೇ ಸಾರ್ ಕಂಪ್ಲೇಂಟು!"

"ಅದಕ್ಕೇ ಮನೇಲಿ ಕೂತು ಮಾತಾಡ್ಕೊಳಿ. ಒಳ್ಳೇ ಮನೆತನ."

ಹಾಗೆಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಳ್ಳೆಯ ಮನೆತನ ಎನ್ನುವ ಮಾತು ನಮ್ಮ ಸೀಮೆಯಲ್ಲಿ ಎಷ್ಟು ಹುಡುಗಿಯರ ಬಾಯಿಗೆ ಬಟ್ಟೆ ತುರುಕಿದೆಯೋ! ಅಲ್ಲೇ ನಿಂತು ಗಟ್ಟಿಯಾಗಿ, "ಪುಕ್ಕಟೆ ಲಾಯರ್ ಕೊಡೋ ರೂಮ್ ಯಾವುದು?" ಎಂದು ಕೂಗಿದೆ. ಜಾಥಾದಲ್ಲಿ ಪಳಗಿದ ಗಂಟಲು. ಯಾರೋ ಒಬ್ಬರು ಹಿಂದಿನ ಕೋಣೆ ತೋರಿಸಿದರು.

ಅಲ್ಲಿ ಕೂತಿದ್ದ ಲಾಯರಮ್ಮ ಹೊಸಬರು, ಕೋಟಿನ ಮಡಿಕೆಯೂ ಮಾಸಿರಲಿಲ್ಲ. ಪೂರ್ತಿ ಕೇಳಿದರು. ಮಧ್ಯೆ ಒಮ್ಮೆಯೂ ಅಪ್ಪನನ್ನು ಕರೆದುಕೊಂಡು ಬಾ ಎನ್ನಲಿಲ್ಲ. ಪುಸ್ತಕ ತೆಗೆದು ತೋರಿಸಿದರು: ಮದುವೆ ನಡೆಯುವುದಕ್ಕೆ ಮುಂಚೆಯೇ ಮ್ಯಾಜಿಸ್ಟ್ರೇಟರು ತಡೆಯಬಹುದು, ಅದಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. "ಯಾರು ಬೇಕಾದ್ರೂ ಅಂದ್ರೆ ನೀನೂ ಕೊಡಬಹುದು," ಅಂದರು. "ಆದ್ರೆ ಕೋರ್ಟಲ್ಲಿ ಎದ್ದು ಹೇಳಬೇಕಾಗುತ್ತೆ. ನಿಮ್ಮಪ್ಪ ಎದುರಿಗೇ ಇರ್ತಾರೆ. ಹೇಳ್ತೀಯಾ?"

"ಹೇಳ್ತೀನಿ ಮೇಡಂ," ಅಂದೆ.

ಪೊಲೀಸರು ಮನೆಗೆ ನೋಟಿಸು ತಂದ ದಿನ ಅಪ್ಪ ನನ್ನನ್ನು ಹೊಡೆಯಲಿಲ್ಲ. ನೋಟಿಸು ಮಡಚಿ ಜೇಬಿಗಿಟ್ಟುಕೊಂಡು ವಕೀಲರನ್ನು ನೋಡಲು ಹೊರಟರು. ವಿಚಾರಣೆ ಬಿದ್ದದ್ದು ಮದುವೆಯ ಹಿಂದಿನ ದಿನ, ಚಪ್ಪರದ ದಿನವೇ. ನನ್ನನ್ನೂ ಕರೆತರಬೇಕೆಂದು ನೋಟಿಸಿನಲ್ಲಿತ್ತು. ಒಸಗೆ ಅಂದರೆ ಮುಗಿಯಿತು, ಮಧ್ಯಾಹ್ನದೊಳಗೆ ವಾಪಸು ಬರುತ್ತೇವೆ ಎಂದು ಅಪ್ಪ ಧೈರ್ಯವಾಗಿದ್ದರು. ಮನೆ ಮಗು ಕೋರ್ಟು ಮೆಟ್ಟಿಲು ಹತ್ತುವಾಗ ನಾನಿರಲೇಬೇಕು ಎಂದು ಅಜ್ಜಿಯೂ ಹೊರಟಳು. ಅಮ್ಮ ಅಡುಗೆಯವರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು.

ನಮ್ಮ ಹೆಸರು ಕೂಗಿದಾಗ ಅಪ್ಪನ ವಕೀಲರು ಎದ್ದರು. ಊರಿನಲ್ಲಿ ಹೆಸರು ಮಾಡಿದವರು, ನಮ್ಮ ಹೊಲದ ವ್ಯಾಜ್ಯ ಗೆಲ್ಲಿಸಿಕೊಟ್ಟಿದ್ದವರು. "ಇಡೀ ಕುಟುಂಬದ ಪರವಾಗಿ ನಾನೇ, ಸ್ವಾಮಿ. ಈ ಮಗುವಿನ ಪರವಾಗೂ," ಎಂದು ಶುರು ಮಾಡಿದರು.

ನಾನು ಎದ್ದುನಿಂತೆ. "ಇವರು ಅಪ್ಪನ ಲಾಯರ್, ಸಾರ್. ನನ್ನ ಲಾಯರ್ ಬೇರೆ. ಅಲ್ಲಿದಾರೆ."

ಅಪ್ಪ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಅದರಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ.

ಆದರೆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಆ ವಕೀಲರು ಒಸಗೆಯ ಕಥೆಯನ್ನು ಚೆನ್ನಾಗಿಯೇ ಹೇಳಿದರು. ತಾತನ ಸಾವು, ಸೂತಕ, ಬಾಕಿ ಉಳಿದ ಆರತಿ, ಎಲ್ಲವೂ ನಿಜ. ಹುಡುಗಿ ಓದಿನ ಹುಚ್ಚಿನಲ್ಲಿ ಆರತಿಯನ್ನೇ ಮದುವೆ ಎಂದುಕೊಂಡು ಹೆದರಿದ್ದಾಳೆ, ಪಾಪ, ಎಂದರು. ಮ್ಯಾಜಿಸ್ಟ್ರೇಟರು ಕರಾವಳಿ ಕಡೆಯವರು, ನಮ್ಮ ಶಾಸ್ತ್ರಗಳು ಅವರಿಗೆ ಹೊಸವು. ಅವರು ಹೌದೆಂಬಂತೆ ತಲೆ ಆಡಿಸುವುದನ್ನು ಕಂಡು ನಾನು ಲಾಯರಮ್ಮನ ಕಡೆ ತಿರುಗಿದೆ. ಲಾಯರಮ್ಮ ನನ್ನ ಕಿವಿಯಲ್ಲಿ, "ಮನೆ ಮುಂದೆ ಇವತ್ತು ಏನೇನು ನಡೀತು, ನೀನೇ ಹೇಳು," ಅಂದರು.

"ಸಾರ್, ಒಸಗೆ ಆದ್ರೆ ಹುಡುಗೀನ ಕೂರಿಸೋಕೆ ಹಸಿಸೊಪ್ಪಿನ ಗುಡ್ಲು ಹಾಕಬೇಕು. ನಮ್ಮನೇಲಿ ಗುಡ್ಲು ಇಲ್ಲ. ಬೆಳಿಗ್ಗೆ ಚಪ್ಪರದಲ್ಲಿ ಹಾಲುಗಂಬ ನೆಟ್ಟು ಪೂಜೆ ಮಾಡಿದಾರೆ. ಅದನ್ನ ಮದುವೆಗೆ ಮಾತ್ರ ನೆಡೋದು."

ಅಪ್ಪನ ಮುಖ ಬಿಳಿಚಿಕೊಂಡಿತು. ಹಾಲುಗಂಬ ಬೇಡ ಎಂದು ಅವರೇ ಹೇಳಿದ್ದರು. ಅವರು ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಹಠ ಹಿಡಿದು, ಮರದ ಕೊಂಬೆ ತರಿಸಿ, ಹಾಲುತುಪ್ಪ ಎರೆದು ನೆಡಿಸಿಬಿಟ್ಟಿದ್ದಳು. "ಮನೆಗೊಂದು ಪದ್ಧತಿ ಇರುತ್ತೆ, ಸ್ವಾಮಿ," ಎಂದು ವಕೀಲರು ತೇಪೆ ಹಾಕಲು ನೋಡಿದರು. ಮ್ಯಾಜಿಸ್ಟ್ರೇಟರು ಹಿಂದೆ ಕೂತಿದ್ದ ಅಜ್ಜಿಯನ್ನು ಮುಂದಕ್ಕೆ ಕರೆಸಿದರು.

"ಅಜ್ಜೀ, ಹಾಲುಗಂಬ ನೆಡಿಸಿದ್ದು ಯಾಕೆ?"

ಒಸಗೆ ಅನ್ನಬೇಕೆಂದು ಅಪ್ಪ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ಆದರೆ ತನ್ನ ಶಾಸ್ತ್ರವನ್ನೇ ಪ್ರಶ್ನೆ ಮಾಡುತ್ತಿದ್ದಾರೆಂದು ಅಜ್ಜಿಗೆ ರೇಗಿತು.

"ಏನ್ ಸ್ವಾಮಿ ಹಿಂಗ್ ಕೇಳ್ತೀರಾ? ಹಾಲುಗಂಬ ಇಲ್ದೆ ಮದುವೆ ಆಗುತ್ತಾ? ನೀವ್ ಬೇಕಾದ್ರೆ ಬರೀರಿ ಏನಾದ್ರೂ, ದೇವರು ಒಪ್ತಾನಾ?"

ಕೋರ್ಟೇ ನಕ್ಕಿತು. ಅಪ್ಪ ಹಣೆ ಹಿಡಿದುಕೊಂಡು ಕೂತರು. ಮದುವೆಗೆ ತಡೆಯಾಜ್ಞೆ ಆಯಿತು. ಮೀರಿದರೆ ಜೈಲು, ಮೀರಿ ಕಟ್ಟಿದ ತಾಳಿಗೆ ಬೆಲೆಯೂ ಇಲ್ಲ ಎಂದು ಮ್ಯಾಜಿಸ್ಟ್ರೇಟರು ಅಪ್ಪನಿಗೆ ಬಿಡಿಸಿ ಹೇಳಿದರು.

ಅಜ್ಜಿ ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದಳು ಎಂದು ನೆಂಟರು ಈಗ ಕಥೆ ಕಟ್ಟುತ್ತಾರೆ. ಸುಳ್ಳು. ಅವಳು ಸಾಯುವವರೆಗೂ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. ದೇವರಿಗೆ ಹೆದರಿ ನಿಜ ಹೇಳಿದಳು, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಹೊರಗೆ ಲಾಯರಮ್ಮ, "ಭಯ ಇದ್ರೆ ಹಾಸ್ಟೆಲ್‌ಗೆ ಹೇಳಿಸ್ತೀನಿ, ಮನೆಗೆ ಹೋಗ್ಬೇಡ," ಅಂದರು.

"ಅದು ನನ್ನ ಮನೆ ಮೇಡಂ. ನಾನ್ಯಾಕೆ ಬಿಟ್ಟೋಗ್ಲಿ?" ಅಂದೆ. ಅಪ್ಪ ಹತ್ತಿದ ಬಸ್ಸನ್ನೇ ಹತ್ತಿ ಅವರ ಹಿಂದಿನ ಸೀಟಿನಲ್ಲಿ ಕೂತೆ.

ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ಮಾವ ಬೈಕು ಹತ್ತಿ ಹೊರಟುಹೋಗಿದ್ದ. ಅಡುಗೆಯವರು ಪಾತ್ರೆ ಕಟ್ಟುತ್ತಿದ್ದರು. ಮೂಟೆಗಟ್ಟಲೆ ತರಕಾರಿಯ ನಡುವೆ ಅಮ್ಮ ಈಳಿಗೆಮಣೆ ಹಾಕಿಕೊಂಡು ಒಬ್ಬಳೇ ಕುಂಬಳಕಾಯಿ ಹೆಚ್ಚುತ್ತಿದ್ದಳು, ಇನ್ನು ಯಾರು ತಿನ್ನುತ್ತಾರೆಂದು ಹೆಚ್ಚುತ್ತಿದ್ದಳೋ. ಮುರಿದದ್ದು ಅವಳ ಸ್ವಂತ ತಮ್ಮನ ಮದುವೆ. ನಾನು ಬಾಗಿಲಲ್ಲೇ ನಿಂತೆ. ಅವಳು ತಲೆ ಎತ್ತದೆ ಹೆಚ್ಚುತ್ತಲೇ ಇದ್ದಳು.

ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದಳು. ಅಮ್ಮ ಒಂದು ದಿನವೂ ಆಕೆಗೆ ಒಂದು ಎದುರುಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ಅಪ್ಪನ್ನೇ ಕೋರ್ಟಲ್ಲಿ ನಿಲ್ಲಿಸಿದ್ಲಂತೆ! ಎಂಥಾ ಮಗಳನ್ನ ಹೆತ್ತೆ ಕಣಮ್ಮ ನೀನು!"

ಅಮ್ಮ ಕುಂಬಳಕಾಯಿಯ ಹೋಳು ಕೆಳಗಿಟ್ಟಳು. ತಲೆ ಎತ್ತಿ ಮೊದಲು ನನ್ನನ್ನು ನೋಡಿದಳು, ಆಮೇಲೆ ಆಕೆಯ ಕಡೆ ತಿರುಗಿದಳು.

"ಹೂಂ ಕಣಕ್ಕ," ಅಂದಳು. "ನಾನೇ ಹೆತ್ತಿದ್ದು."