ಮೊದಲ ನಮಸ್ಕಾರ ನನ್ನದೇ

೧೯೯೪ರಲ್ಲಿ ಏಳನೇ ತರಗತಿ ಮುಗಿಸಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮರುತಿಂಗಳಿಂದಲೇ ಅಜ್ಜಂಪುರದ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದರಲ್ಲಿ ಸುಟ್ಟ ತಂತಿ ಕೀಳುತ್ತಾ ಕೂತೆ. ಈಗ ಅದೇ ಊರಿನಲ್ಲಿ ನನ್ನದೇ ಅಂಗಡಿ ಇದೆ. ಬೋರ್‌ವೆಲ್‌ನಿಂದ ಎತ್ತಿ ತಂದ ಮೋಟಾರು ಬಾಗಿಲಲ್ಲಿ ಇಳಿಯುತ್ತಿದ್ದಂತೆ, ಸುಟ್ಟಿರುವುದು ತಂತಿಯೋ ಹೋಗಿರುವುದು ಬೇರಿಂಗೋ ಎಂದು ಬಿಚ್ಚದೆಯೇ ಹೇಳುತ್ತೇನೆ. ಇಂಜಿನಿಯರಿಂಗ್ ಓದಿದವರೂ ನನ್ನ ಬೆಂಚಿನ ಮೇಲೆ ಕಾದು ಕೂತಿದ್ದಾರೆ. ಜಂಬಕ್ಕೆ ಬರೆದ ಎಂದುಕೊಂಡರೆ ಅಂದುಕೊಳ್ಳಲಿ. ಮುಂದೆ ಬರೆಯುವುದರಲ್ಲಿ ಜಂಬಪಡುವಂಥದ್ದು ಏನೂ ಇಲ್ಲ.

ಮಗಳು ಎಂಟನೇ ತರಗತಿಯಲ್ಲಿದ್ದಾಗ ಅವಳ ಸರ್ಕಾರಿ ಶಾಲೆಯ ಪೋಷಕರ ಸಮಿತಿಗೆ ನಾನು ಅಧ್ಯಕ್ಷ. ಆ ವರ್ಷ ಶಾಲೆಯಿಂದ ಮನೆಗೆ ಸುದ್ದಿ ಬರುತ್ತಿದ್ದ ರೀತಿ ನೆನೆದರೆ ಈಗಲೂ ತಲೆ ಕೆಡುತ್ತದೆ. ಗಣಿತದ ಟೀಚರ್‌ದು ಒಂದು ಆ್ಯಪ್, ಅದಕ್ಕೊಂದು ಪಾಸ್‌ವರ್ಡ್. ಇಂಗ್ಲಿಷಿನವರದು ಇನ್ನೊಂದು, ಅದು ತೆರೆದರೆ ಮೊದಲು ಜಾಹೀರಾತು. ಹೆಡ್ ಮೇಡಂ ಫೋನ್ ಮಾಡಿಯೇ ಹೇಳುವವರು, ಅದೂ ನನ್ನ ಕೈಗೆ ವಾರ್ನಿಷ್ ಮೆತ್ತಿರುವಾಗಲೇ. ಹಾಜರಾತಿ ಒಂದರಲ್ಲಿ, ಅಂಕ ಒಂದರಲ್ಲಿ, ರಜೆಯ ಸುದ್ದಿ ಒಮ್ಮೆ ಎಲ್ಲದರಲ್ಲೂ, ಒಮ್ಮೆ ಯಾವುದರಲ್ಲೂ ಇಲ್ಲ.

ಕೊನೆಗೆ ಮೇಡಂ ಸಭೆ ಕರೆದರು. ಎಲ್ಲ ಬಿಟ್ಟು ಒಂದೇ ಗ್ರೂಪು ಇಟ್ಟುಕೊಳ್ಳೋಣ ಎನ್ನುವುದಕ್ಕೆ ಎಲ್ಲರೂ ಒಪ್ಪಿದರು. ಫೋನಿನಲ್ಲಿ ಗುಂಡಿ ಬಿಟ್ಟರೆ ಬೇರೇನೂ ಇಲ್ಲದ ಕುರಿ ಸಾಕುವ ಗೆಳೆಯನೊಬ್ಬ, "ನಂಗೆ ಬಾಯಲ್ಲಿ ಹೇಳ್ಬಿಡಿ ಕಣ್ರೀ, ನಮ್ ಕುರಿಗಳೂ ಗ್ರೂಪಲ್ಲಿಲ್ಲ," ಎಂದು ನಗಿಸಿದ. ಅವನಂಥವರಿಗೆ ಫೋನ್ ಮಾಡುವುದೆಂದಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಗಣಿತದ ಟೀಚರ್ ಇನ್ನೊಂದು ಮಾತು ಹೇಳಿದರು.

"ಸಾರ್, ಟೀಚರ್‌ಗಳು ಮಾತ್ರ ಬರೆಯೋ ಹಾಗೆ ಮಾಡೋಣ. ಪೋಷಕರು ಓದಿದ್ರೆ ಸಾಕು. ಇಲ್ಲಾಂದ್ರೆ ಮುಖ್ಯವಾದ್ದು ಕಳೆದುಹೋಗುತ್ತೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಏನಮ್ಮಾ, ಮೇಷ್ಟ್ರು ಒಂದು ಮಾತು ಹೇಳಿದ್ರೆ ತಿರುಗಿ ನಮಸ್ಕಾರ ಅನ್ನಕ್ಕೂ ಬಾಯಿಲ್ದಂಗೆ ಮಾಡ್ತೀರಾ? ನಾವೇನು ಗೋಡೆನಾ? ನಮ್ಮೂರಲ್ಲಿ ಮೇಷ್ಟ್ರು ಎದುರಿಗೆ ಬಂದ್ರೆ ಸೈಕಲ್ ಇಳಿದು ಕೈ ಮುಗೀತಿದ್ವಿ."

ಸಭೆ ನನ್ನ ಕಡೆಯಾಯಿತು. ಗ್ರೂಪಿಗೆ ಮೇಡಂ ಮತ್ತು ಟೀಚರ್‌ಗಳ ಜೊತೆ ನನ್ನನ್ನೂ ಅಡ್ಮಿನ್ ಮಾಡಿದರು. ಶಾಲೆಯಿಂದ ಏನೇ ಬರಲಿ, ಪ್ರತಿಯೊಬ್ಬರೂ ಕೈಮುಗಿದ ಚಿತ್ರ ಹಾಕಬೇಕು ಎಂದು ನಾನೇ ಕಟ್ಟಪ್ಪಣೆ ಹೊರಡಿಸಿದೆ. ಹಾಕದವರನ್ನು ಸಂತೆಯಲ್ಲಿ ಹಿಡಿದು ಕೇಳಿದ್ದೂ ಉಂಟು.

ಪಾಲಿಸಿದರಪ್ಪಾ, ಚೆನ್ನಾಗಿ ಪಾಲಿಸಿದರು. ನಾಳೆ ಬಿಸಿಯೂಟಕ್ಕೆ ತಟ್ಟೆ ತರಬೇಕು ಎಂದರೆ ಐವತ್ತು ನಮಸ್ಕಾರ. ಬೆಳಗಾದರೆ ಹೂವು, ದೇವರು, ಶುಭೋದಯ. ನಡುವೆ ಕರೆಂಟು ಹೋಗುವ ಹೊತ್ತು, ಯಾರದೋ ಹುಟ್ಟುಹಬ್ಬ, ಯಗಟಿಯಲ್ಲಿ ಎರಡು ಟಗರು ಮಾರಾಟಕ್ಕಿವೆ ಎನ್ನುವ ಫೋಟೋ. ಟಗರಿಗೂ ನಮಸ್ಕಾರ ಬಿದ್ದಿದ್ದವು. ಫೋನು ಜೇಬಿನಲ್ಲಿ ಗುರ್ ಎನ್ನುತ್ತಲೇ ಇರುತ್ತಿತ್ತು. ನಾನೂ ಕೆಲಸದ ನಡುವೆ ಶಾಲೆಯ ಹೆಸರು ಕಂಡರೆ ಸಾಕು, ಹೆಬ್ಬೆರಳಲ್ಲಿ ಒಂದು ನಮಸ್ಕಾರ ಒತ್ತಿ ಒಳಗಿಡುತ್ತಿದ್ದೆ.

ಮಗಳು ಖೋ-ಖೋ ಆಡುತ್ತಾಳೆ. ಕಂಬ ಸುತ್ತಿ ತಿರುಗುವಾಗ ಅವಳನ್ನು ಹಿಡಿಯುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಜಿಲ್ಲಾ ತಂಡದ ಆಯ್ಕೆಗೆ ಶಾಲೆಯಿಂದ ಅವಳೊಬ್ಬಳಿಗೇ ಕರೆ ಬಂದಿತ್ತು. ಶನಿವಾರ ಬೆಳಗ್ಗೆ ಒಂಬತ್ತಕ್ಕೆ, ತರೀಕೆರೆಯಲ್ಲಿ. ಮುಂದಿನ ವರ್ಷ ಅವಳು ಹೈಸ್ಕೂಲಿಗೆ ಹೋಗುವವಳು, ಅಲ್ಲಿ ದೊಡ್ಡ ಹುಡುಗಿಯರ ಜೊತೆ ಸೆಣಸಬೇಕು. ಈ ವಯಸ್ಸಿನವರ ತಂಡಕ್ಕೆ ಇದೇ ಕೊನೆಯ ಅವಕಾಶ. ಒಂದು ತಿಂಗಳು ಬೆಳಗ್ಗೆ ಐದೂವರೆಗೆ ಎದ್ದು ರೈಲ್ವೆ ಸ್ಟೇಷನ್ ತನಕ ಓಡಿ ಬರುತ್ತಿದ್ದಳು.

ಶನಿವಾರ ಎಂಟೂವರೆಗೇ ಬೈಕಿನಲ್ಲಿ ತರೀಕೆರೆ ಮುಟ್ಟಿದೆವು. ಮೈದಾನದಲ್ಲಿ ಎರಡು ಹಸು, ಗೇಟಿನ ಬಳಿ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು.

"ಇಲ್ಲೇನೂ ಇಲ್ಲ ಕಣಣ್ಣಾ. ಆಟದೋರು ಕಡೂರಿಗೆ ಹೋದ್ರಂತೆ."

ಪಿ.ಟಿ. ಮೇಷ್ಟ್ರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮಗಳು ಆಗಲೇ ಬೈಕಿನ ಹಿಂದೆ ಹತ್ತಿ ಕೂತಿದ್ದಳು. "ಹೊರಡಪ್ಪಾ," ಎಂದಳು, ಅಷ್ಟೆ. ಬೀರೂರಿನ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಒಂದೊಂದು ಡಬ್ಬಿಯೂ ನನ್ನನ್ನು ನೋಡಿಕೊಂಡೇ ನಿಧಾನವಾಗಿ ಹೋದಂತಿತ್ತು.

ಕಡೂರಿನ ಮೈದಾನಕ್ಕೆ ಹೋಗುವಷ್ಟರಲ್ಲಿ ಆಯ್ಕೆ ಮುಗಿದು ಹೆಸರು ಓದುತ್ತಿದ್ದರು. ನಮ್ಮ ಪಿ.ಟಿ. ಮೇಷ್ಟ್ರು ಓಡಿ ಬಂದರು.

"ಯಾಕ್ ಸಾರ್ ಇಷ್ಟು ಲೇಟು?"

"ಲೇಟಾ? ತರೀಕೆರೆ ಅಂತ ಹೇಳಿ ಕಡೂರಲ್ಲಿ ಆಡಿಸ್ತೀರಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ ನಿಮಗೆ?"

"ನಿನ್ನೆ ಸಂಜೆನೇ ಗ್ರೂಪಲ್ಲಿ ಹಾಕಿದ್ನಲ್ಲ ಸಾರ್! ನೀವು ತಕ್ಷಣ ನಮಸ್ಕಾರ ಹಾಕಿದ್ರಿ. ಅಧ್ಯಕ್ಷರೇ ನೋಡವ್ರೆ ಅಂತ ನಾನು ಸುಮ್ನಾದೆ."

ನಾನು ನಂಬಲಿಲ್ಲ. ಫೋನು ತೆಗೆದು ಬೆರಳು ಎಳೆಯುತ್ತಾ ಹೋದೆ. ನಮಸ್ಕಾರ, ನಮಸ್ಕಾರ, ಗುಲಾಬಿ, ನಮಸ್ಕಾರ. ಮಗಳು ನನ್ನ ಕೈಯಿಂದ ತೆಗೆದುಕೊಂಡು ತಾನೇ ಎಳೆದಳು. ಸಿಕ್ಕಿತು. ಸ್ಥಳ ಬದಲಾಗಿದೆ, ಕಡೂರು, ಎಂಟು ಗಂಟೆಗೆ.

"ಅಪ್ಪಾ, ಅದರ ಕೆಳಗಿನ ಮೊದಲ್ನೇದು ನಿಂದೇ."

ಮೇಷ್ಟ್ರು ಆಯ್ಕೆಯವರ ಬಳಿ ಹೋಗಿ ಬೇಡಿದರು. ನಾನೂ ಹೋದೆ. ಅವರು ಸಭ್ಯರು, ಆದರೆ ಪಟ್ಟಿ ಓದಿಯಾಗಿತ್ತು. ಸೇರಿದ ಹುಡುಗಿಯೊಬ್ಬಳ ಹೆಸರು ಹೊಡೆಯಿರಿ ಎನ್ನಲು ನನಗೂ ಬಾಯಿ ಬರಲಿಲ್ಲ.

ವಾಪಸ್ ಬರುವಾಗ ಬೀರೂರಿನ ಹೋಟೆಲಿನಲ್ಲಿ ಅವಳನ್ನು ಕೂರಿಸಿದೆ. ದೋಸೆ ತಣ್ಣಗಾಯಿತು. "ಫೋನ್ ಕೊಡು," ಎಂದಳು. ಕೊಟ್ಟೆ. ಏನೋ ಒತ್ತಿ, ಟೇಬಲಿನ ಮೇಲೆ ಮಗುಚಿಟ್ಟಳು. ಆಮೇಲೆ ದೋಸೆ ಮುರಿದಳು. ಅಜ್ಜಂಪುರ ತಲುಪುವವರೆಗೆ ಜೇಬಿನಲ್ಲಿ ಗುರ್ ಎನ್ನಲಿಲ್ಲ.

ಸಂಜೆ ಹೆಡ್ ಮೇಡಂ ಫೋನ್ ಮಾಡಿದರು. "ಅಧ್ಯಕ್ಷರೇ, ಗ್ರೂಪಲ್ಲಿ ಪೋಷಕರು ಯಾರಿಗೂ ಬರೆಯೋಕೆ ಆಗ್ತಿಲ್ವಂತೆ. ಯಾರು ಮುಚ್ಚಿದ್ದು?"

"ನಾನೇ ಮೇಡಂ. ಗಣಿತದ ಟೀಚರ್ ಹೇಳಿದ್ದೇ ಸರಿ ಇತ್ತು ಅಂತ ಅವರಿಗೆ ಹೇಳಿ." ಆ ಮಾತು ಆಡುವುದು, ತುಕ್ಕು ಹಿಡಿದ ಬೋಲ್ಟು ಬಿಚ್ಚಿದಷ್ಟು ಕಷ್ಟವಾಯಿತು.

ಮಾರನೆಯ ದಿನ ಕುರಿಯವನು ಅಂಗಡಿಗೆ ಬಂದು, "ಏನಪ್ಪಾ, ಈಗ ಎಲ್ರೂ ನನ್ನಂಗೇ ಆದ್ರಲ್ಲ, ಕೇಳಿಸ್ಕೊಂಡು ಸುಮ್ನಿರೋರು," ಎಂದ. ನಾನು ತಲೆ ಎತ್ತದೆ ತಂತಿ ಸುತ್ತಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಗಡಿ ಒಂದು, ತಂತಿ ಸುತ್ತುವ ಯಂತ್ರ ಎರಡು, ಬೈಕು ಒಂದು. ಮಗಳು ಒಬ್ಬಳು, ಹೈಸ್ಕೂಲಿನಲ್ಲಿದ್ದಾಳೆ, ಬೆಳಗ್ಗೆ ಐದೂವರೆಗೆ ಏಳುತ್ತಾಳೆ. ಫೋನಿನಲ್ಲಿ ಅವಳ ಹೊಸ ಶಾಲೆಯ ಗ್ರೂಪು ಒಂದು. ಅದರಲ್ಲಿ ನಾನು ಓದದೆ ಬಿಟ್ಟದ್ದು, ಇವತ್ತಿಗೆ, ಸೊನ್ನೆ.