ಪರದೆ ಕಪ್ಪಾಗಿಸುವ ಗುಂಡಿ

"ಗಂಡ ಗೋಡೆ ಕಟ್ತಾನೆ, ಹೆಂಡ್ತಿ ಆ ಗೋಡೆಯಲ್ಲೇ ಹುಳ ಹುಡುಕ್ತಾಳೆ. ಇವರಿಬ್ಬರೂ ಒಂದೇ ಮಡಕೆಯ ಸೂಪು ಹ್ಯಾಗೆ ಕುಡೀತಾರೋ!" ಮೊಯೆಪಂಪಾ ಎಂಬ ಕಣಿವೆಯ ಹಳ್ಳಿಯಲ್ಲಿ ನೆರೆಹೊರೆಯವರು ಸಾಟುರ್ನಿನೋ ಮುದುಕನ ಬಗ್ಗೆ ಹೀಗೆ ಆಡಿಕೊಳ್ಳುತ್ತಿದ್ದರು. ಅವನಿಗೆ ಕೇಳುವ ಹಾಗೇ ಆಡಿಕೊಳ್ಳುತ್ತಿದ್ದರು.

ಹನ್ನೆರಡನೇ ವಯಸ್ಸಿಗೇ ಹುಲ್ಲು ಬೆರೆಸಿದ ಕೆಸರು ತುಳಿದವನು ಅವನು. ಆ ಕಣಿವೆಯ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮನೆ ಅವನ ಹಸಿ ಇಟ್ಟಿಗೆಯವು. "ನನ್ನ ಗೋಡೆಗೆ ಗಿಲಾವು ಯಾಕೆ ಬೇಕು? ಬರೀ ಮೈಯಲ್ಲೇ ನಿಲ್ತದೆ" ಎಂದು ಹರೆಯದಲ್ಲಿ ಎದೆ ತಟ್ಟಿ ಹೇಳಿದ್ದ. ಜನ ನಂಬಿದರು. ಗಿಲಾವಿಲ್ಲದ ಗೋಡೆ ಬಿರುಕು ಬಿಟ್ಟಿತು, ಬಿರುಕಿನಲ್ಲಿ ವಿಂಚುಕಾ ಸೇರಿಕೊಂಡಿತು. ಮಲಗಿದವರ ರಕ್ತ ಹೀರುವ ಹುಳ ಅದು. ಅದರಿಂದ ಅಂಟಿದ ರೋಗ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು, ಆಮೇಲೆ ಹೃದಯವನ್ನು ಊದಿಸುತ್ತದೆ.

ಹೆಂಡತಿ ಪ್ರಿಮಿಟಿವಾ ಆರೋಗ್ಯ ಕೇಂದ್ರದ ದಾದಿ. ಎಂಟು ವರ್ಷದಿಂದ ಲಾರಿ ಹತ್ತಿ ಹಳ್ಳಿ ಹಳ್ಳಿಗೆ ಹೋಗಿ, ಬಿಳಿ ಬಟ್ಟೆ ಕಟ್ಟಿ, ಚಿತ್ರ ತೋರಿಸಿ, ಗೋಡೆಗೆ ಗಿಲಾವು ಮಾಡಿಸಿ ಎಂದು ಹೇಳುತ್ತಿದ್ದಳು. ಲ್ಯಾಪ್‌ಟಾಪಿನ ಮುಂದೆ ಕೂತು ಗುಂಡಿ ಒತ್ತುವ ಕೆಲಸ ಸಾಟುರ್ನಿನೋನದು. ಹುಳದ ಚಿತ್ರ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿತ್ತು. ಊದಿದ ಹೃದಯದ ಎಕ್ಸ್‌ರೇ ಬಂದರೆ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಮುಂದಿನದು. ಯಾಕೆಂದರೆ ಆ ಹೃದಯ ಅವನದೇ. ಹೆಸರು ಹೇಳಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡೇ ಆ ಎಕ್ಸ್‌ರೇ ಕೊಟ್ಟಿದ್ದ.

ಈ ಸಲ ಡಾಕ್ಟರು ಅವನಿಗೆ ಖಡಾಖಂಡಿತ ಹೇಳಿಬಿಟ್ಟರು: "ಇನ್ನು ಲಾರಿ ಹತ್ತೋ ಹಾಗಿಲ್ಲ." ಭಾನುವಾರ ಚಿಂಪಾ ಎಂಬ ಹಳ್ಳಿಗೆ ಅವಳು ಒಬ್ಬಳೇ ಹೋಗಬೇಕು. ಹಾಗಾಗಿ ದೂರದಿಂದಲೇ ಚಿತ್ರ ಬದಲಿಸುವ ಒಂದು ರಿಮೋಟ್ ಬೇಕಾಯಿತು. ತಾನೇ ಆರಿಸಿ ತರುತ್ತೇನೆ ಎಂದು ಅವನು ಕೊಚಬಂಬಾ ಪಟ್ಟಣದ ದೊಡ್ಡ ಸಂತೆಗೆ ಬಸ್ಸಿನಲ್ಲಿ ಹೋದ.

"ಇದು ತಗೊಳಿ ಯಜಮಾನ್ರೆ, ಕೆಂಪು ಬೆಳಕು ಬಿಡ್ತದೆ" ಎಂದಳು ಅಂಗಡಿಯ ಹೆಂಗಸು.

"ಬೇಡಮ್ಮ. ನನ್ನ ಹೆಂಡ್ತಿ ಮಾತಾಡ್ತಾ ಕೈ ಬೀಸ್ತಾಳೆ. ಜನರ ಕಣ್ಣಿಗೇ ಬಿಟ್ಟಾಳು."

ಒಂದೊಂದನ್ನೇ ಕಣ್ಣು ಮುಚ್ಚಿ ತಡವಿ ನೋಡಿದ. ಮೆತ್ತಗಿನ ಗುಂಡಿಯದು ಬೇಡ, ಸಿಟ್ಟು ಬಂದರೆ ಅವಳು ಕೈಲಿದ್ದದ್ದನ್ನು ಹಿಸುಕುವವಳು. ಹಿಂದಕ್ಕೆ ಹೋಗುವ ಗುಂಡಿ ಇರಲೇಬೇಕು, ಮುದುಕಿಯರು ಹುಳವನ್ನು ಇನ್ನೊಮ್ಮೆ ತೋರಿಸು ಅನ್ನುತ್ತಾರೆ. ಆಮೇಲೆ ಆಲೂಗಡ್ಡೆ ಮೂಟೆಗಳ ಆಚೆಗೆ ಇಪ್ಪತ್ತೆರಡು ಹೆಜ್ಜೆ ಅಳೆದು ಹೋಗಿ, ಅಂಗಡಿಯ ಕಂಪ್ಯೂಟರಿನಲ್ಲಿ ಚಿತ್ರ ಬದಲಾಗುತ್ತದೋ ಎಂದು ಅಲ್ಲಿಂದ ಒತ್ತಿ ನೋಡಿದ.

"ರಿಮೋಟ್ ತಗೊಳ್ತೀರೋ, ಹೊಲ ಅಳೀತೀರೋ?"

"ಅವಳು ಜನರ ಮಧ್ಯೆ ಓಡಾಡ್ತಾ ಮಾತಾಡೋಳು ಕಣಮ್ಮ" ಎಂದ, ಏದುಸಿರು ಬಿಡುತ್ತ. ಆಮೇಲೆ ದನಿ ತಗ್ಗಿಸಿ, "ಚಿತ್ರ ಕಾಣದ ಹಾಗೆ ಮಾಡೋ ಗುಂಡಿ ಯಾವುದರಲ್ಲಾದ್ರೂ ಇದೆಯಾ?"

ಇತ್ತು. ಒತ್ತಿದರೆ ಪರದೆ ಪೂರ್ತಿ ಕಪ್ಪು. ಅದನ್ನೇ ತಂದ.

ಮಧ್ಯಾಹ್ನ ಕಿಟಕಿ ಮುಚ್ಚಿ, ಮನೆಯ ಗೋಡೆಯ ಮೇಲೇ ಅಭ್ಯಾಸ ಶುರುವಾಯಿತು. ಪ್ರಿಮಿಟಿವಾ ಒತ್ತಿದಳು: ಹುಳ. ಒತ್ತಿದಳು: ಬಿರುಕು. ಒತ್ತಿದಳು: ಹೃದಯ. ಅಲ್ಲಿಗೆ ಅವಳ ಕೈ ನಿಂತಿತು.

"ಆ ಮೂಲೆಯ ಗುಂಡಿ ಒತ್ತು. ಕಪ್ಪಾಗ್ತದೆ" ಎಂದ ಅವನು.

"ಓಹೋ, ಇದಕ್ಕಾ ಮಾರಾಯ ಇದನ್ನೇ ಆರಿಸಿದ್ದು?"

ಅವನು ರಿಮೋಟಿನ ಖಾಲಿ ಡಬ್ಬಿಯ ಮುಚ್ಚಳ ಮುಚ್ಚತೊಡಗಿದ.

"ಚಿಂಪಾ ಊರಲ್ಲಿ ನಲವತ್ತು ಮನೆ ನಿನ್ನವು. ಒಬ್ಬರೂ ಗಿಲಾವು ಮಾಡಿಸಿಲ್ಲ. ಅಲ್ಲಿನ ಫೋರ್ತುನಾತಾ ನನಗೇ ಹೇಳ್ತಾಳೆ, 'ನಿನ್ನ ಗಂಡನೇ ಬೇಡ ಅಂದಿದ್ನಲ್ಲೇ. ಆ ಹೃದಯ ಯಾವನೋ ಪಟ್ಟಣದ ಕುಡುಕನದಿರಬೇಕು.' ನಾನೇನು ಹೇಳ್ಲಿ? ನಿನಗೆ ಕೊಟ್ಟ ಮಾತು ಮುರೀಲಾ?"

"ನಿಜ ಹೇಳಿದ್ರೆ ನಾನು ಕಟ್ಟಿದ ಗೋಡೆಗಳಿಗೆಲ್ಲ ಉಗೀತಾರೆ."

"ಉಗಿದ ಮೇಲಾದ್ರೂ ಗಿಲಾವು ಮೆತ್ತುತ್ತಾರಲ್ಲ!"

ಸಾಟುರ್ನಿನೋ ಗೋಡೆಯತ್ತ ನೋಡಿದ. ಎಂಟು ವರ್ಷದಲ್ಲಿ ಆ ಚಿತ್ರವನ್ನು ಅವನು ಪೂರ್ತಿ ನೋಡಿದ್ದು ಅವತ್ತೇ ಮೊದಲು. ಎದೆಗೂಡನ್ನೆಲ್ಲ ತುಂಬಿಕೊಂಡು, ನೀರು ಕುಡಿದ ಚರ್ಮದ ಚೀಲದ ಹಾಗೆ ಬಿದ್ದುಕೊಂಡಿತ್ತು. ಇಟ್ಟಿಗೆಯದು ತಪ್ಪಿಲ್ಲ ಅನ್ನಿಸಿತು. ಇಟ್ಟಿಗೆ ಒಳ್ಳೆಯದೇ. ತಪ್ಪಿದ್ದು ತನ್ನ ಬಾಯಿ. ಆ ನಲವತ್ತು ಮನೆಗಳಲ್ಲಿ ಈಗಲೂ ಮಕ್ಕಳು ಗೋಡೆಗೆ ಒತ್ತಿಕೊಂಡು ಮಲಗುತ್ತವೆ.

ಅವಳು ಕಪ್ಪು ಗುಂಡಿ ಒತ್ತಲಿಲ್ಲ, ಮುಂದಿನದಕ್ಕೂ ಹೋಗಲಿಲ್ಲ. ಕೊನೆಗೆ ಅವನೇ ಎದ್ದು ಕಿಟಕಿ ತೆರೆದ.

ಭಾನುವಾರ ಬೆಳಿಗ್ಗೆ ಚಿಂಪಾಕ್ಕೆ ಹೋಗುವ ಲಾರಿ ಅಂಗಳದಾಚೆ ನಿಂತು ಹಾರನ್ ಹೊಡೆಯಿತು. ಪ್ರಿಮಿಟಿವಾ ಪ್ರೊಜೆಕ್ಟರಿನ ಪೆಟ್ಟಿಗೆ ಎತ್ತಿಕೊಂಡು ಹೊರಬಂದರೆ ಗಂಡ ಒಗೆದ ಅಂಗಿ ತೊಟ್ಟು, ಟೋಪಿ ಇಟ್ಟುಕೊಂಡು ಹೊಸ್ತಿಲ ಮೇಲೆ ನಿಂತಿದ್ದ.

"ಎಲ್ಲಿಗೆ ಹೊರಟೆ? ಡಾಕ್ಟರು ಏನಂದ್ರು, ಮರೆತುಹೋಯ್ತಾ?"

"ಡಾಕ್ಟರ ಮನೆ ಸಿಮೆಂಟಿನದು ಕಣೆ."

"ಸಾಟು, ಹಟ ಬೇಡ. ಗುಂಡಿ ಒತ್ತೋಕೆ ಇದಿದೆಯಲ್ಲ."

"ಒತ್ತೋದು ನೀನೇ. ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿಸ್ಕೊ. ಯಾರದು ಅಂತ ಮಾತ್ರ ನಾನೇ ಎದ್ದು ಹೇಳ್ಬೇಕು. ಗಿಲಾವು ಬೇಡ ಅಂದಿದ್ದು ಈ ಬಾಯೇ ತಾನೆ?"

ಅವಳು ಆ ಮುಖವನ್ನೊಮ್ಮೆ ನೋಡಿದಳು. ಚಾಲಕನ ಪಕ್ಕದ ಸೀಟಿಗೆ ಕಂಬಳಿ ಮಡಿಸಿ ಹಾಸಿದಳು. ಅವನು ಬಾಗಿಲು ಎಳೆದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಅಂಗಳ ದಾಟಿ ಲಾರಿಯ ಕಡೆ ನಡೆದ. ಅವನು ಆ ಮನೆಯಿಂದ ಹೊರಗೆ ಹೋಗಿದ್ದು ಅದೇ ಕೊನೆ, ಮತ್ತೆ ಮರಳಲಿಲ್ಲ.