ಕಾಲು ನಿನ್ನದು, ನೀರು ನನ್ನದು

ನನ್ನ ಬೀಗಿತ್ತಿಯ ಅಂಗಾಲು ಬೆಳ್ಳಗಿತ್ತು. ರಂಗೋಲಿ ಪುಡಿ ತುಳಿದು ಬಂದವಳ ಹಾಗೆ ಬಿರುಕು ಬಿರುಕಿನಲ್ಲೂ ಸುಣ್ಣಕಲ್ಲಿನ ಪುಡಿ ಕೂತು, ಎಷ್ಟು ತೊಳೆದರೂ ಹೋಗದ ಬಿಳುಪು. ಮಗನ ಮದುವೆಗೆಂದು ದಿಲ್ಲಿಯ ಪೀತಮ್‌ಪುರದ ನಮ್ಮ ಮನೆಗೆ ಬಂದವಳು ಗೋಡೆಗೆ ಒರಗಿ ಕಾಲು ಚಾಚಿ ನೆಲದ ಮೇಲೆ ಕೂತಾಗ ನಾನು ಮೊದಲು ನೋಡಿದ್ದು ಅದನ್ನೇ.

"ಸೋಫಾ ಇದೆ, ಮೇಲೆ ಕೂತ್ಕೊಳ್ಳಿ" ಎಂದೆ, ನನಗೆ ಬರುವ ಹಿಂದಿಯಲ್ಲಿ.

"ತೂ ಬೈಠ್, ವೇವಾಣ್" ಎಂದಳು.

ಅವರ ಗುಜರಾತಿಯಲ್ಲಿ ಬೀಗಿತ್ತಿಗೆ ವೇವಾಣ್ ಅನ್ನುತ್ತಾರಂತೆ. ಅದು ಸರಿ. ಗಂಡಿನ ತಾಯಿಯಾದ ನನ್ನನ್ನು ಮೊದಲ ದಿನವೇ 'ತೂ' ಎಂದು ಏಕವಚನದಲ್ಲಿ ಕರೆದದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಇದನ್ನು ಬರೆಯುವಾಗ ಪಕ್ಕದಲ್ಲಿ ಇನ್ನೂ ತಿಂಗಳು ತುಂಬದ ಮೊಮ್ಮಗಳು ಮಲಗಿದ್ದಾಳೆ. ಆಕಳಿಸಿದರೆ ಮುಖವೆಲ್ಲ ಬಾಯಿ. ಬರೆಯುವುದನ್ನು ಬಿಟ್ಟು ಆಗಲೇ ಎರಡು ಸಲ ಅವಳ ನೆತ್ತಿ ಮೂಸಿ ಬಂದೆ. ಇಷ್ಟು ಸಂತೋಷವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆ ಸಂತೋಷವೇ ನನಗೆ ನಾಚಿಕೆಯಾಗಿದೆ. ಯಾಕೆಂದು ಹೇಳಬೇಕಾದರೆ ಬೀಗಿತ್ತಿಯ ವಿಷಯ ಹೇಳಬೇಕು.

ಆಕೆಯದು ಗುಜರಾತಿನ ಅಂಚಿನ ದೀವ್ ದ್ವೀಪ. ಅಪ್ಪ ಅಲ್ಲಿ ಕಲ್ಲು ಕಡಿಯುತ್ತಿದ್ದ, ಗಂಡ ಮೀನಿನ ದೋಣಿಗೆ ಹೋಗುತ್ತಿದ್ದ. ಆ ಕರಾವಳಿಯೆಲ್ಲ ಸುಣ್ಣಕಲ್ಲು, ಎಲ್ಲಿ ನೋಡಿದರೂ ಗುಹೆ. ಹುಡುಗಿಯಾಗಿದ್ದಾಗಿಂದ ಅವುಗಳೊಳಗೆ ನುಗ್ಗುವುದೇ ಆಕೆಯ ಹುಚ್ಚು. ಯಾವ ಗುಹೆಗೆ ಹೋದರೂ ಬಾಗಿಲಲ್ಲಿ ನಿಂತು ಗೋಡೆ ಮುಟ್ಟಿ "ಆವೂ?" ಎಂದು ಕೇಳುವಳು. ಬರಲೇ ಎಂದು ಅದರ ಅರ್ಥ. ನಮ್ಮ ಅಡಿಗೆಮನೆಯ ಬಾಗಿಲಲ್ಲೂ ಹಾಗೆಯೇ. ದಿಲ್ಲಿ ತೋರಿಸಲು ಕರೆದೊಯ್ದಾಗ ಕಶ್ಮೀರಿ ಗೇಟ್ ಮೆಟ್ರೋದಲ್ಲಿ ಕೆಳಗಿಳಿಯುವ ಎಸ್ಕಲೇಟರ್ ಕಂಡು ಹೆದರಿ, ಅದರ ಕೈಪಟ್ಟಿ ಮುಟ್ಟಿ "ಆವೂ?" ಎಂದು ನಿಂತೇಬಿಟ್ಟಳು. ಹಿಂದಿನವರು "ಆಂಟೀಜಿ, ಚಲೋ ಚಲೋ" ಎನ್ನುತ್ತಿದ್ದರು. ನಾನು ಕೈಹಿಡಿದು ಇಳಿಸಿದೆ.

"ಇಷ್ಟು ದೊಡ್ಡ ಗುಹೆ ಕೊರೆದಿದ್ದೀರಿ, ಒಳಗೆ ದೇವರೇ ಇಲ್ಲವಲ್ಲ" ಎಂದು ಕೆಳಗೆ ಹೋಗಿ ನನ್ನನ್ನೇ ಹಂಗಿಸಿದಳು.

ಮೊದಲ ಮೊಮ್ಮಗ ಹುಟ್ಟಿದ್ದು ದೀವ್‌ನಲ್ಲಿ. ಚೊಚ್ಚಲ ಬಾಣಂತನ ತವರಿನದು, ಅದು ನಮ್ಮಲ್ಲೂ ಅಲ್ಲೂ ಒಂದೇ. ನನಗೆ ಹೆಣ್ಣುಮಕ್ಕಳಿಲ್ಲ. ಒಬ್ಬ ಮಗ, ಅವನಿಗೆ ನೀರೆರೆದದ್ದು ನನ್ನಮ್ಮ, ನಾನು ಬಾಣಂತಿಯಾಗಿ ಮಲಗಿದ್ದೆ. ಆಮೇಲೆ ಈ ದಿಲ್ಲಿಯಲ್ಲಿ ಯಜಮಾನರ ಹೋಟೆಲಿಗೆ ಉದ್ದು ರುಬ್ಬಿಕೊಡುತ್ತಲೇ ವಯಸ್ಸಾಯಿತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆಯುವ ಭಾಗ್ಯ ನನ್ನ ಪಾಲಿಗೆ ಬಂದೇ ಇರಲಿಲ್ಲ. ಕೂಸು ನೋಡಲು ನಾನು ದೀವ್‌ಗೆ ಹೋದ ಮೇಲೂ ಬೀಗಿತ್ತಿಯೇ ದಿನಾ ಎರೆಯುತ್ತಿದ್ದಳು. ನಾನು ಟವೆಲು ಹಿಡಿದು ನಿಲ್ಲುತ್ತಿದ್ದೆ.

"ಮುಖ ಊದಿದೆಯಲ್ಲ ವೇವಾಣ್. ಬಾ, ಗಾಳಿ ಕುಡಿಸಿ ತರ್ತೀನಿ" ಎಂದು ಒಂದು ದಿನ ಹೊರಡಿಸಿದಳು.

ಮೊದಲು ಊರ ಒಳಗಿನ ಗುಹೆ. ಮನೆ ಕಟ್ಟಲು ಜನ ಕಲ್ಲು ಕಡಿದು ಕಡಿದು ಭೂಮಿಯ ಹೊಟ್ಟೆಯಲ್ಲಿ ಓಣಿಗಳಾಗಿವೆ. ಮಾಡಿನ ತೂತುಗಳಿಂದ ಬಿಸಿಲು ಕಂಬಕಂಬವಾಗಿ ಇಳಿಯುತ್ತದೆ, ಆಲದ ಬೇರು ಜೋತಾಡುತ್ತದೆ. ಒಂದು ಗೋಡೆಯ ಮೇಲೆ ಪಿಕಾಸಿಯ ಓರೆ ಗೆರೆಗಳು. ಬೀಗಿತ್ತಿ ಅದರ ಮೇಲೆ ನನ್ನ ಅಂಗೈ ಇಡಿಸಿ, "ಇದು ನಮ್ಮಪ್ಪನ ಕೈ" ಎಂದಳು.

ಸಮುದ್ರ ಇಳಿತಕ್ಕೆ ಬಂದ ಮೇಲೆ ದಡದ ಗುಹೆ. ನಾನೂ ಕಡಲ ಕಡೆಯವಳೇ. ಆದರೆ ನಮ್ಮೂರಲ್ಲಿ ಮರಳು, ಕೆಂಪು ಮುರಕಲ್ಲು. ಬಂಡೆಯೊಳಗೆ ಹೋಗಿ ಕೂತವಳಲ್ಲ. ಸೀರೆ ಎತ್ತಿ ಕಟ್ಟಿ, ಬಗ್ಗಿ, ಆಕೆಯ ಬಿಳಿ ಅಂಗಾಲನ್ನೇ ನೋಡುತ್ತ ತೆವಳಿದೆ. ಒಳಗೆ ಒಂದು ಕೋಣೆಯಷ್ಟು ಜಾಗ. ನಿಂತ ನೀರಿನ ಬೆಳಕು ಮೇಲಿನ ಕಲ್ಲಿನಲ್ಲಿ ನಲಿಯುತ್ತಿತ್ತು. ಏಳುವ ಮನಸ್ಸೇ ಆಗಲಿಲ್ಲ.

"ಏಳು ಇನ್ನು" ಎಂದಳು ಆಕೆ. "ಇದು ಸಮುದ್ರದ ಮನೆ. ಮನೆಯಾಕೆ ಪೇಟೆಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ನೆಂಟರು ಎದ್ದಿರಬೇಕು."

"ಒಂದು ಗಳಿಗೆ" ಎಂದೆ.

ಆ ಗಳಿಗೆಯಲ್ಲೇ ತೆರೆ ಬಂತು. ಸೊಂಟದವರೆಗೆ ನೀರು; ಕಾಲ ಕೆಳಗಿನ ನೆಲವೇ ಜಾರಿತು. ಬೀಗಿತ್ತಿ ನನ್ನ ರಟ್ಟೆ ಹಿಡಿದು ಎಳೆದ ಎಳೆತಕ್ಕೆ ಹೊರಗೆ ಬಂದು ಬಿದ್ದೆ. ಒಂದು ಚಪ್ಪಲಿ ಹೋಯಿತು. ಹೆದರಿಕೆಗೋ ಏನೋ, ಒದ್ದೆ ಸೀರೆಯಲ್ಲಿ ನಡುಗುತ್ತ ಒಳಗಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ನಿಮಗೆ ಮಗಳಿದ್ದಾಳೆ, ನನಗೆ ಯಾರಿದ್ದಾರೆ, ಒಂದು ಕೂಸಿಗೆ ನೀರೆರೆಯದೆ ಸಾಯುತ್ತೇನೆ ಎಂದೆಲ್ಲ. ಆಕೆ ನನ್ನ ಸೆರಗು ಹಿಂಡಿಕೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಮಣೆ ಹಾಕಿ ಕರೆದಳು. "ಬಾ, ಕೂತ್ಕೋ. ಕಾಲು ನಿನ್ನದು, ನೀರು ನನ್ನದು."

ನಾನು ಅಲ್ಲಿದ್ದಷ್ಟು ದಿನವೂ ಹಾಗೆಯೇ ನಡೆಯಿತು. ಕೂಸು ನನ್ನ ಕಾಲ ಮೇಲೆ. ಆಕೆ ಚೊಂಬಿನ ನೀರನ್ನು ಮೊದಲು ತನ್ನ ಮೊಣಕೈ ಮೇಲೆ ಬಿಟ್ಟುಕೊಂಡು ಹದ ನೋಡಿ, ಆಮೇಲೆ ಹೊಯ್ಯುವಳು. ಸ್ವಂತ ಮಗಳ ಚೊಚ್ಚಲ ಕೂಸನ್ನು ಹಾಗೆ ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಸೊಸೆ ಎರಡನೆಯ ಬಸುರಿಯಾದಾಗಲೂ ಅಮ್ಮನ ಮನೆಗೇ ಎಂದಳು. ಟಿಕೆಟ್ಟೂ ಆಯಿತು. "ನೀನೂ ಬಾ ವೇವಾಣ್, ಕಾಲು ತಗೊಂಡು ಬಾ" ಎಂದು ಬೀಗಿತ್ತಿ ಫೋನಿನಲ್ಲಿ ನಕ್ಕಳು. ಹೂಂ ಎಂದೆ. ಒಳಗೊಳಗೆ, ದಿಲ್ಲಿಯಲ್ಲೇ ಆಗಿದ್ದರೆ ಎಲ್ಲವೂ ನನ್ನದೇ ಆಗುತ್ತಿತ್ತಲ್ಲ ಎಂದುಕೊಂಡೆ. ಆಕೆ ಅಷ್ಟೆಲ್ಲ ಕೊಟ್ಟ ಮೇಲೂ ನನ್ನ ಆಸೆ ತೀರಿರಲಿಲ್ಲ.

ಹೊರಡುವ ಮೊದಲೇ ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಮಗ ಮೊಬೈಲು ಹಿಡಿದು ಅಡಿಗೆಮನೆಗೆ ಬಂದ. "ಅಮ್ಮಾ, ಅವಳ ಅಮ್ಮ ಹೋಗ್ಬಿಟ್ರಂತೆ. ಹಾರ್ಟ್ ಅಟ್ಯಾಕ್. ಅವಳಿಗೆ ಹೇಗೆ ಹೇಳ್ಲಿ?"

ನನ್ನೊಳಗೆ ಮೊದಲು ಎದ್ದದ್ದು ಅಳು ಅಲ್ಲ. 'ಹಾಗಾದರೆ ಬಾಣಂತನ ಇಲ್ಲೇ' ಎಂಬ ಮಾತು. ಆಮೇಲೆ ಸೊಸೆಯನ್ನು ತಬ್ಬಿಕೊಂಡು ಎದೆ ಬಿರಿಯುವಂತೆ ಅತ್ತೆ, ಅದೂ ಸುಳ್ಳಲ್ಲ. ಆದರೆ ಮೊದಲು ಬಂದದ್ದು ಅದು. ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಕಂಡರೆ ಈಗಲೂ ತಲೆ ತಗ್ಗುತ್ತದೆ.

ಮೊಮ್ಮಗಳು ಇಲ್ಲೇ ಹುಟ್ಟಿದಳು. ಮೆಣಸಿನ ಸಾರು, ಬಜೆ, ಲೋಬಾನದ ಹೊಗೆ, ಎಲ್ಲವೂ ನನ್ನದೇ ಕಾರುಬಾರು. ನಾಲ್ಕನೇ ಕ್ಲಾಸು ದಾಟದವಳು ಡಾಕ್ಟರಿಗೇ ಎದುರು ಮಾತಾಡಿದೆ. ಮೊದಲ ಸಲ ಎರೆಯಲು ಕೂತಾಗ ಕೂಸಿನ ಮೊಣಕಾಲಿನ ಮಡಿಕೆ ಕಂಡು ಹಾಡಿದೆ, ಗಟ್ಟಿಯಾಗಿ ನಕ್ಕೆ. ಹೊರಗೆ ಬಂದರೆ ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಅಂದಿನಿಂದ ಬಚ್ಚಲಲ್ಲಿ ನಾನು ಬಾಯಿ ಬಿಗಿಹಿಡಿದು ಕೂರುತ್ತೇನೆ. ಒಬ್ಬಳೇ ಎರೆಯುವುದು ಕಷ್ಟ. ಒಂದು ಕೈ ಕೂಸಿನ ತಲೆಗೆ, ಒಂದು ಕೈ ಚೊಂಬಿಗೆ. ನೀರಿನ ಹದ ನೋಡಲು ಕೈಯೇ ಉಳಿಯುವುದಿಲ್ಲ.

ಇವತ್ತು ಬೆಳಿಗ್ಗೆ ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದೆ. ಬಚ್ಚಲ ಬಾಗಿಲಲ್ಲಿ ನೆರಳು. ತಲೆಗೆ ಬಟ್ಟೆ ಕಟ್ಟಿದ ಸೊಸೆ ಗೋಡೆ ಹಿಡಿದು ನಿಂತಿದ್ದಳು.

"ಆವೂ?" ಎಂದಳು.

ಅವಳೇ ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು. ನೀರನ್ನು ಮೊದಲು ತನ್ನ ಮೊಣಕೈ ಮೇಲೆ ಬಿಟ್ಟುಕೊಂಡಳು.

"ನೀವು ಹಾಡಿ, ಮಮ್ಮೀಜಿ. ನಾನು ಹಾಕ್ತೀನಿ, ಪಾನಿ ಅಮ್ಮಂದು."

ಹಾಡು ಬರಲಿಲ್ಲ. ಅವಳ ಮುಖವನ್ನೂ ನೋಡಲಾಗಲಿಲ್ಲ, ಕೂಸನ್ನೇ ನೋಡುತ್ತಿದ್ದೆ. ಮನೆಯಾಕೆ ಬರುವುದರೊಳಗೆ ನೆಂಟರು ಏಳಬೇಕು ಎಂದಿದ್ದಳು ನನ್ನ ಬೀಗಿತ್ತಿ. ಎದ್ದು ಹೋದದ್ದು ಮನೆಯಾಕೆ. ನೆಂಟಳಾದ ನಾನು ಇನ್ನೂ ಕಾಲು ಚಾಚಿಕೊಂಡು ಕೂತಿದ್ದೇನೆ.